ಸಮಸ್ಯಾಪೂರಣ: ಹಗಲ ನಡುವಣ ನೆರಳು

ಸಮಸ್ಯೆ

ಜೂನ್ 21ರ ಸುಮಾರಿಗೆ ಸೂರ್ಯನು ಉತ್ತರದ ತುದಿ ಮುಟ್ಟಿ ದಕ್ಷಿಣಕ್ಕೆ ಹೊರಳುತ್ತಾನೆ. ಈ ಬಾರಿಯ ಸಮಸ್ಯೆಯನ್ನು, ಅಂದರೆ ಉಳಿದ ಸಾಲುಗಳನ್ನು ಕಟ್ಟಿ ಪದ್ಯವನ್ನು ಪೂರೈಸಲೆಂದು ಕೊಡುವ ಸಾಲನ್ನು, ಅಲ್ಲಿಂದಲೇ ಆರಿಸಿದ್ದೇನೆ. ಭಾಮಿನಿ ಷಟ್ಪದಿಯ ಕೊನೆಯ ಸಾಲು ಇದು:

ಹಗಲ ನಡುವಣ ನೆರಳು ತೆಂಕಣ ದೆಸೆಗೆ ಬಿದ್ದುದಲಾ

ವರ್ಷದ ಹೆಚ್ಚಿನ ದಿನಗಳಲ್ಲಿ ಅಂಗಳದ ಕಂಬದ ನೆರಳು ನಡುಹಗಲಿಗೆ ಬಡಗಣಕ್ಕೆ (ಉತ್ತರಕ್ಕೆ) ಚಾಚುವುದನ್ನು ಕಂಡವರಿಗೆ ತೆಂಕಣದ (ದಕ್ಷಿಣದ) ಈ ಮಾತು ಅಸಂಗತವೆನಿಸಬಹುದು. ಆ ಅಸಂಗತಿಯನ್ನು ನೀಗುವುದೇ ಪೂರಣಕಾರರ ಕೆಲಸ. ಸಾಲಿನ ಎರಡನೆಯ ಅಕ್ಷರವಾಗಿ ಬರುವ ಗಕಾರದ ಪ್ರಾಸ ಆರೂ ಸಾಲುಗಳಲ್ಲಿ ನಿಲ್ಲಲಿ.

ಮೊದಲ ಪೂರಣ

ಗಗನ ಪಥದಲಿ ಬಡಗ ಗಡಿಯನು
ಮಿಗದೆ ನಿಂತನು ರವಿಯು, ನಮ್ಮಯ
ಸೊಗದ ನಾಡಿನ ನೆತ್ತಿ ದಾಟುತ ಸರಿದು ಬಡಗಣಕೆ |
ನಗುವ ಬಿಸಿಲದು ಮನೆಯ ಕಂಬದ
ಹೆಗಲ ತಾಗಲು ಬಡಗ ದೆಸೆಯಿಂ
ಹಗಲ ನಡುವಣ ನೆರಳು ತೆಂಕಣ ದೆಸೆಗೆ ಬಿದ್ದುದಲಾ ||

ಇಡೀ ಕರ್ನಾಟಕವು ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ಈ ದಿನ ನಮಗೆಲ್ಲರಿಗೂ ಸೂರ್ಯನು ನೆತ್ತಿಯಿಂದ ಬಡಗಲಿಗೆ ಸರಿದೇ ಇರುತ್ತಾನೆ. ಬೆಂಗಳೂರಿನ ನೆತ್ತಿಯನ್ನು ಅವನು ಏಪ್ರಿಲ್ ಕೊನೆಯ ವಾರದಲ್ಲೇ ದಾಟಿದ್ದು, ಮರಳಿ ಅಲ್ಲಿಗೆ ಬರುವುದು ಆಗಸ್ಟ್ ನಡುವಿನಲ್ಲಿ. ಅಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ಜೂನ್ 21ರಂದು 12 ಗಂಟೆ 20 ನಿಮಿಷದ ಸುಮಾರಿಗೆ ಹದಿನೆಂಟು ಸೆಂಟಿಮೀಟರಿನಷ್ಟು ನೆರಳು ತೆಂಕಣಕ್ಕೆ ಬೀಳುತ್ತದೆ. ಬೀದರಿನಲ್ಲಿ ಅದು ಹತ್ತು ಸೆಂಟಿಮೀಟರಿಗೂ ಕಡಿಮೆ.

ಎರಡನೆಯ ಪೂರಣ

ನೊಗವ ಹೂಡಿದ ರೈತ ಬಿತ್ತಲು
ಮುಗಿಲ ದಾರಿಯ ಕಾದು ನಿಂದಿರೆ
ಹೊಗೆಯ ಬಣ್ಣದ ಮೋಡ ಕಡಲಿಂದೆದ್ದು ಘಟ್ಟವನು |
ಜಿಗಿದು ಹಬ್ಬಿತು, ಬೆಂದ ನೆಲದಲಿ
ಮಿಗುವ ಹರುಷಕೆ ಮೊದಲ ಗುರುತೆನೆ
ಹಗಲ ನಡುವಣ ನೆರಳು ತೆಂಕಣ ದೆಸೆಗೆ ಬಿದ್ದುದಲಾ ||

ಇಲ್ಲಿ ನೆರಳು ಕಂಬದ್ದಲ್ಲ, ಮೋಡದ್ದು. ಹಗಲು ಅತಿ ದೀರ್ಘವಾಗುವ ಹೊತ್ತಿಗೆ ನಮ್ಮ ಸೀಮೆಯಲ್ಲಿ ಏಪ್ರಿಲ್–ಮೇ ತಿಂಗಳ ಉರಿ ಇಳಿದು, ಮೃಗಶಿರೆ ಮಳೆ ಮುಗಿದು ಆರಿದ್ರೆ ಮಳೆ ಕಾಲಿಡುತ್ತದೆ. “ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ” ಎನ್ನುವ ರೈತನಿಗೆ ಈ ನೆರಳಿಗಿಂತ ದೊಡ್ಡ ಶುಭಶಕುನವಿಲ್ಲ.

ಒಂದು ಸಂದೇಹ

ಘಟ್ಟ ಹತ್ತಿದ ಮೋಡವು ಬಯಲುಸೀಮೆಗೆ ಪಡುವಣದಿಂದ ಬರುವುದಲ್ಲವೆ? ಮತ್ತೆ, ಪಂಚಾಂಗದಲ್ಲಿ ದಕ್ಷಿಣಾಯನ ಜುಲೈ ನಡುವಿನ ಕರ್ಕ ಸಂಕ್ರಾಂತಿಗೆ ಇರುವಾಗ ಜೂನ್ 21 ಹೇಗೆ ಸರಿ?

ಸಮಸ್ಯೆ ಕೊಟ್ಟವರ ಉತ್ತರ

ಮುಂಗಾರು ನೈಋತ್ಯದ ಗಾಳಿ. ಆದ್ದರಿಂದ ತೆಂಕಣವೆಂಬ ಮಾತು ಪೂರ್ತಿ ತಪ್ಪಲ್ಲ, ಆದರೆ ಮೊದಲ ಪೂರಣದಷ್ಟು ಬಿಗಿಯಾಗಿ ದಿಕ್ಕು ಇಲ್ಲಿ ಕೂಡಿಬಂದಿಲ್ಲ. ಭಾವದಲ್ಲಿ ಮಾತ್ರ ಎರಡನೆಯದೇ ನನಗೆ ಮೇಲು. “ಕಡಲಿಂದೆದ್ದು ಘಟ್ಟವನು” ಎಂದು ನಿಂತ ಮಾತು ಮುಂದಿನ ಸಾಲಿನ “ಜಿಗಿದು” ಎಂಬಲ್ಲಿಗೆ ಹಾರುವಾಗ ಛಂದಸ್ಸೇ ಮೋಡದ ಜೊತೆ ಘಟ್ಟ ದಾಟುತ್ತದೆ. ಪಂಚಾಂಗದ ಸಂಕ್ರಾಂತಿಯು ನಕ್ಷತ್ರಗಳನ್ನು ಆಧರಿಸಿದ ರಾಶಿಗಳ ಲೆಕ್ಕ; ಭೂಮಿಯ ಅಕ್ಷವು ಸುಮಾರು 26,000 ವರ್ಷಗಳಿಗೊಂದು ಸುತ್ತಿನಂತೆ ತಿರುಗುವುದರಿಂದ ಆ ಲೆಕ್ಕಕ್ಕೂ ಸೂರ್ಯನು ನಿಜವಾಗಿ ಹೊರಳುವ ದಿನಕ್ಕೂ ಮೂರು ವಾರಕ್ಕಿಂತ ಹೆಚ್ಚಿನ ಅಂತರ ಬೆಳೆದಿದೆ. ಕಂಬದ ನೆರಳು ಆ ಹೊರಳುವಿಕೆಯನ್ನೇ ಹಿಂಬಾಲಿಸುತ್ತದೆ. ಈ ಅಂತರವನ್ನೇ ವಸ್ತುವಾಗಿಸಿ ಇದೇ ಸಾಲಿಗೆ ಮೂರನೆಯ ಪೂರಣ ಬರೆಯಬಲ್ಲವರು ಆರಿದ್ರೆ ಮುಗಿಯುವುದರೊಳಗೆ ಬರೆಯಿರಿ.