ಏಪ್ರಿಲ್‌ಗೆ ಜಿನೀವಾದಿಂದ ಏನು ಬರ್ಬೇಕು ನಿಮ್ಗೆ? ಮತ್ತೆ ಡಯಲ್ ಬಣ್ಣನೇನಾ?

ಟಿಕ್‌ಟಿಕ್ ಮಲ್ಲೇಶ್ವರಂ

ಎಲ್ರಿಗೂ ನಮಸ್ಕಾರ. ಏಪ್ರಿಲ್ ಹತ್ರ ಬಂತು, ಜಿನೀವಾದಲ್ಲಿ ವಾಚಸ್ ಅಂಡ್ ವಂಡರ್ಸ್ ಅನ್ನೋ ದೊಡ್ಡ ವಾಚ್ ಮೇಳ ಶುರುವಾಗತ್ತೆ, ಯೂಟ್ಯೂಬ್ ತೆಗೆದ್ರೆ ಬರೀ ಪ್ರೆಡಿಕ್ಷನ್ ವಿಡಿಯೋಗಳೇ. ರೋಲೆಕ್ಸ್ ಜಿಎಂಟಿಗೆ ಕೆಂಪು-ಕಪ್ಪು ಕೋಕ್ ಬೆಝೆಲ್ (ಡಯಲ್ ಸುತ್ತ ಇರೋ ಉಂಗುರ) ಈ ಸಲ ಗ್ಯಾರಂಟಿ ಅಂತೆ, ನಾನು ಈ ಗ್ಯಾರಂಟಿ ಕೇಳ್ತಾ ಕೇಳ್ತಾನೇ ಇಂಜಿನಿಯರಿಂಗ್ ಮುಗ್ಸಿ ಮದ್ವೆನೂ ಆದೆ.

ಆದ್ರೆ 2026 ಸ್ವಲ್ಪ ಬೇರೆ ಥರ. ರೋಲೆಕ್ಸ್ ಆಯ್ಸ್ಟರ್ ಕೇಸ್ ಬಂದಿದ್ದು 1926ರಲ್ಲಿ, ಅಂದ್ರೆ ನೂರು ವರ್ಷ. ಟ್ಯೂಡರ್ ಹೆಸ್ರು ರಿಜಿಸ್ಟರ್ ಆಗಿದ್ದೂ ಅದೇ ವರ್ಷ. ಪಾಟೆಕ್ ನಾಟಿಲಸ್ 1976ರದ್ದು, ಅದಕ್ಕೆ ಐವತ್ತು. ಮೂರು ಮನೇಲೂ ಒಟ್ಟಿಗೇ ಹಬ್ಬ, ಊಟಕ್ಕೆ ಏನು ಬಡಿಸ್ತಾರೆ ಅನ್ನೋದೇ ಪ್ರಶ್ನೆ. ನನ್ನ ಭಯ ಏನಂದ್ರೆ ಡಯಲ್ ಮೇಲೆ 100 ಅಂತ ಬರ್ದು ಚಿನ್ನದಲ್ಲಿ ಮಾಡಿ ಲಿಮಿಟೆಡ್ ಅಂತ ಕೈ ತೊಳ್ಕೊಂಡ್ಬಿಡ್ತಾರೆ.

2024ರಲ್ಲಿ ಪಾಟೆಕ್ ಅಷ್ಟು ವರ್ಷ ಆದ್ಮೇಲೆ ಹೊಸ ಫ್ಯಾಮಿಲಿ ತರ್ತಿದೆ ಅಂದಾಗ ಎಷ್ಟು ಕಾದಿದ್ದೆ ಗೊತ್ತಾ, ಬಂದಿದ್ದು ಕ್ಯೂಬಿಟಸ್, 45 ಎಂಎಂ ಚೌಕ. ನನ್ನ ಮಣಿಕಟ್ಟಿಗೆ ಅದು ಟಿಫನ್ ಬಾಕ್ಸ್ ಮುಚ್ಚಳ ಕಟ್ಟಿದಂಗೆ. ಆದ್ರೆ 2025ರಲ್ಲಿ ರೋಲೆಕ್ಸ್ ತಂದ ಲ್ಯಾಂಡ್-ಡ್ವೆಲ್ಲರ್ ನೋಡಿ ನಿಜ ಹೇಳ್ತೀನಿ ರಾತ್ರಿ ನಿದ್ದೆ ಬರ್ಲಿಲ್ಲ. ಹೊಸ ಮೂವ್‌ಮೆಂಟು (ಒಳಗಿನ ಯಂತ್ರ), ಅದ್ರಲ್ಲಿ ಹೊಸ ಎಸ್ಕೇಪ್‌ಮೆಂಟು (ಸ್ಪ್ರಿಂಗಿನ ಶಕ್ತೀನ ಟಿಕ್ ಟಿಕ್ ಅಂತ ಅಳ್ದು ಬಿಡೋ ಭಾಗ), ಸೆಕೆಂಡಿಗೆ ಹತ್ತು ಬೀಟು, 66 ಗಂಟೆ ಪವರ್, ಎಲ್ಲ ತುಂಬಿ ದಪ್ಪ 9.7 ಎಂಎಂ. ಹೊಸ್ದು ಅಂದ್ರೆ ಇಂಥದ್ದು ಅಂತ ನನ್ನ ಲೆಕ್ಕ. ನಿಮ್ಮ ಲೆಕ್ಕ ಏನು?

(ತಗೊಳ್ಳೋಷ್ಟು ದುಡ್ಡಿಲ್ಲ ಮಾರಾಯ್ರೆ. ನನ್ನ ಹತ್ರ ಇರೋದು ಒಂದು ಟಿಸೋ, ಅಪ್ಪಂದೊಂದು ಎಚ್‌ಎಂಟಿ. ನೋಡಕ್ಕೇನು ಟಿಕೆಟ್ ಇಲ್ವಲ್ಲ.)

ಐಗ್ಲಾಸ್

ಒಳ್ಳೆ ಪ್ರಶ್ನೆ ಗುರು. ನಮ್ಮಪ್ಪಂದು ಚಿಕ್ಕಪೇಟೆ ಕಡೆ ವಾಚ್ ರಿಪೇರಿ ಅಂಗಡಿ ಇತ್ತು, ನಾನು ಸಾಫ್ಟ್‌ವೇರ್‌ಗೆ ಬಂದೆ, ಆದ್ರೆ ಅವ್ರ ಟೇಬಲ್ಲು, ಚಿಮಟ, ಕಣ್ಣಿಗೆ ಸಿಗ್ಸ್ಕೊಳ್ಳೋ ಭೂತಗನ್ನಡಿ ಐಗ್ಲಾಸ್ ಎಲ್ಲ ಮನೆಗೆ ತಂದಿಟ್ಕೊಂಡಿದೀನಿ. ಅದಕ್ಕೇ ನಂಗೆ ಡಯಲ್ ಬಣ್ಣ ಗಿಣ್ಣ ಆಮೇಲೆ, ಮೊದ್ಲು ಹಿಂದಿನ ಮುಚ್ಚಳ.

ಹೋದ ಭಾನುವಾರ ಒಂದು ಎಚ್‌ಎಂಟಿ ಜನತಾ ಬಿಚ್ಚಿದ್ದೆ. ಕೀ ಕೊಟ್ರೆ ಎರಡು ನಿಮಿಷ ಓಡಿ ನಿಂತ್ಕೊಳ್ತಿತ್ತು. ಐಗ್ಲಾಸಲ್ಲಿ ನೋಡಿದ್ರೆ ಪ್ಯಾಲೆಟ್ ಫೋರ್ಕಿನ (ಎಸ್ಕೇಪ್ ಚಕ್ರದ ಹಲ್ಲನ್ನ ಒಂದೊಂದಾಗಿ ಬಿಡೋ ಕವೆ) ಎರಡು ಪುಟ್ಟ ಕೆಂಪು ಕಲ್ಲಿನ ತುದೀಲಿ ಎಣ್ಣೆ ಒಣಗಿ ಕಂದು ಗೋಂದಾಗಿ ಕೂತಿದೆ. ಅಷ್ಟೇ ಕಾಯಿಲೆ. ಎಸ್ಕೇಪ್ ಚಕ್ರದ ಹಲ್ಲು ಆ ಕಲ್ಲನ್ನ ಉಜ್ಕೊಂಡು ಹೋಗತ್ತೆ, ಜನತಾದಲ್ಲಿ ಗಂಟೆಗೆ 18,000 ಸಲ ಟಿಕ್ ಅನ್ನೋದು, ಅಷ್ಟು ಸಲ ಉಜ್ಜೋ ಜಾಗಕ್ಕೆ ಎಣ್ಣೆ ಇಲ್ದೆ ಆಗಲ್ಲ, ಎಣ್ಣೆ ಇದ್ರೆ ಒಂದಿನ ಒಣಗ್ದೇ ಇರಲ್ಲ. ಪೆಟ್ರೋಲಲ್ಲಿ ಅದ್ದಿ ತೊಳ್ದು, ಸೂಜಿ ಮೊನೆಯಷ್ಟು ಹೊಸ ಎಣ್ಣೆ ಇಟ್ಟೆ, ಅತ್ತಿತ್ತ ತೂಗೋ ಬ್ಯಾಲೆನ್ಸ್ ಚಕ್ರ ಒಂದ್ಸಲ ನಡುಗಿ ಓಡಕ್ಕೆ ಶುರು ಮಾಡ್ತು.

ಈ ಉಜ್ಜಾಟ ತಪ್ಸೋದೇ ದೊಡ್ಡ ಕನಸು. ಜಾರ್ಜ್ ಡೇನಿಯಲ್ಸ್ ಅಂತ ಇಂಗ್ಲೆಂಡಿನ ಒಬ್ಬ ಗಡಿಯಾರದ ಮೇಷ್ಟ್ರು ಉಜ್ಜಾಟ ಕಮ್ಮಿ ಇರೋ ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟ್ ಕಂಡುಹಿಡಿದು ಕಂಪನಿ ಕಂಪನಿ ಬಾಗಿಲು ತಟ್ಟಿದ್ರು, ಕೊನೆಗೆ ಒಮೆಗಾ ಒಪ್ಕೊಂಡು 1999ರಲ್ಲಿ ಮಾರುಕಟ್ಟೆಗೆ ತಂತು. ಈಗ ಲ್ಯಾಂಡ್-ಡ್ವೆಲ್ಲರ್ ಒಳಗಿರೋ ಡೈನಪಲ್ಸ್ ಎಸ್ಕೇಪ್‌ಮೆಂಟಲ್ಲಿ ಎರಡು ಸಿಲಿಕಾನ್ ಚಕ್ರ ಇದಾವೆ, ಅವು ಕಲ್ಲನ್ನ ಉಜ್ಜೋ ಬದ್ಲು ಉರುಳ್ಕೊಂಡು ಶಕ್ತಿ ದಾಟಿಸ್ತವೆ. ಜನತಾದಲ್ಲಿರೋ ಥರದ ಮಾಮೂಲಿ ಲಿವರ್ ಎಸ್ಕೇಪ್‌ಮೆಂಟ್‌ಗಿಂತ 30 ಪರ್ಸೆಂಟ್ ಎಫಿಶಿಯೆಂಟ್ ಅಂತ ರೋಲೆಕ್ಸ್ ಹೇಳ್ಕೊಂಡಿದೆ. ಕೆಲಸ ಅಂದ್ರೆ ಇದು, ಒಪ್ತೀನಿ.

ಆದ್ರೆ ಒಂದು ಕೊಕ್ಕೆ ಇದೆ. ಸಿಲಿಕಾನ್ ಲೋಹದ ಥರ ಬಗ್ಗಲ್ಲ, ಒಡ್ಯತ್ತೆ. ತಿದ್ದಕ್ಕಾಗಲ್ಲ, ಹೊಸ್ದೇ ಹಾಕ್ಬೇಕು, ಹೊಸ್ದು ಕಂಪನಿ ಕೊಟ್ರೆ ಉಂಟು ಇಲ್ದಿದ್ರೆ ಇಲ್ಲ. ನಮ್ಮಪ್ಪ ಮುರ್ದ ಬ್ಯಾಲೆನ್ಸ್ ಸ್ಟಾಫನ್ನ (ಬ್ಯಾಲೆನ್ಸ್ ಚಕ್ರದ ಸಣ್ಣ ಅಕ್ಷ) ಲೇತಲ್ಲಿ ಕಡೆದು ಕೊಡ್ತಿದ್ರು, ಇದನ್ನ ಅವ್ರ ಮುಂದೆ ಇಟ್ಟಿದ್ರೆ ಐಗ್ಲಾಸ್ ತೆಗೆದಿಟ್ಟು ಕಾಫಿ ಕುಡ್ಯಕ್ಕೆ ಹೋಗ್ತಿದ್ರು.

ಧಾರವಾಡ ಪೇಡೆ

ಹತ್ತು ಬೀಟು ಹತ್ತು ಬೀಟು ಅಂತ ಎಷ್ಟ್ ಕುಣೀತೀರಿ ಮಾರಾಯ್ರ, ಝೆನಿತ್‌ನವ್ರು 1969ರಾಗ ಎಲ್ ಪ್ರಿಮೆರೋ ಅನ್ನೋ ಮೂವ್‌ಮೆಂಟ್ ಒಳಗ ಮಾಡ್ಯಾರ ಅದನ್ನ, ಅದೂ ಕ್ರೋನೋಗ್ರಾಫ್, ಅಂದ್ರ ಸ್ಟಾಪ್‌ವಾಚ್ ಇರೋದು. ಮುಂದ ಬ್ಯಾಟರಿ ಮ್ಯಾಲ ಓಡೋ ಕ್ವಾರ್ಟ್ಜ್ ವಾಚ್ ಬಂತು, ಕಂಪನಿ ಅಮೆರಿಕದವ್ರ ಕೈಯಾಗಿತ್ತು, ಮೆಕ್ಯಾನಿಕಲ್ ಬಂದ್ ಮಾಡ್ರಿ, ಸಾಮಾನು ಮಾರ್ರಿ ಅಂತ ಆರ್ಡರ್ ಆತು. ಚಾರ್ಲ್ಸ್ ವೆರ್ಮೋ ಅನ್ನೋ ಕೆಲಸಗಾರ ಕೇಳ್ಲಿಲ್ಲ, ಎಲ್ ಪ್ರಿಮೆರೋದ ಅಚ್ಚು, ಟೂಲು, ಎಲ್ಲ ಅಟ್ಟಕ್ಕ ಒಯ್ದು ಮುಚ್ಚಿಟ್ಟ, ಯಾವುದು ಎಲ್ಲೈತಿ ಅಂತ ಬರ್ದೂ ಇಟ್ಟ. 80ರ ದಶಕದಾಗ ಮತ್ತ ಶುರು ಮಾಡೋಣು ಅಂದಾಗ ಆ ಅಟ್ಟನ ಕೈ ಹಿಡೀತು. ಆಮ್ಯಾಲ ರೋಲೆಕ್ಸ್‌ನವ್ರೂ ತಮ್ಮ ಡೇಟೋನಾಕ್ಕ ಅದೇ ಮೂವ್‌ಮೆಂಟ್ ತಗೊಂಡು ಬೀಟ್ ಇಳಿಸಿ ಹಾಕಿದ್ರು. ಹಂಗಂತ ಲ್ಯಾಂಡ್-ಡ್ವೆಲ್ಲರ್ ಸಣ್ಣದು ಅನ್ನಾಕತ್ತಿಲ್ಲ ನಾ. ಹೊಸಾದು ಅನ್ನೂಕಿಂತ ಮೊದ್ಲ ಸ್ವಲ್ಪ ಅಟ್ಟ ಹುಡುಕ್ರಿ ಅಷ್ಟ.

ಝೂರಿಕ್ ಸೊಸೆ

ಪೇಡೆ ಅಣ್ಣ 😄 ಅಟ್ಟ ಹುಡುಕೋದು ಸೂಪರ್.

ನಾನಿರೋದು ಇಲ್ಲೇ ಸ್ವಿಸ್‌ನಲ್ಲಿ, ಆದ್ರೂ ನನ್ನ ಓಟು ಜಪಾನಿಗೆ. ಗ್ರ್ಯಾಂಡ್ ಸೀಕೋ 2025ರಲ್ಲಿ ಸ್ಪ್ರಿಂಗ್ ಡ್ರೈವ್ ಯುಎಫ್ಎ ಅನ್ನೋ ಮೂವ್‌ಮೆಂಟ್ ತಂತು ನೋಡಿ, ವರ್ಷಕ್ಕೆ ಇಪ್ಪತ್ತು ಸೆಕೆಂಡು ಹೆಚ್ಚು-ಕಮ್ಮಿ. ದಿನಕ್ಕಲ್ಲ, ವರ್ಷಕ್ಕೆ! ರೋಲೆಕ್ಸ್ ದಿನಕ್ಕೆ ಎರಡು ಸೆಕೆಂಡು ಅಂತ ಎದೆ ತಟ್ಕೊಳ್ಳತ್ತೆ. ಬ್ಯಾಟರಿ ಇಲ್ಲ, ಸ್ಪ್ರಿಂಗೇ ಓಡ್ಸೋದು, ಕ್ವಾರ್ಟ್ಜ್ ಹರಳು ಬರೀ ವೇಗದ ಲಗಾಮು ಹಿಡಿಯತ್ತೆ. 37 ಎಂಎಂ ಟೈಟಾನಿಯಂ, ಹೆಂಗಸ್ರ ಕೈಗೂ ಸರಿಯಾಗಿ ಕೂರತ್ತೆ. ಇದು ಮೆಕ್ಯಾನಿಕಲ್ ಅಲ್ಲ ಅಂತ ಮೂಗು ಮುರಿಯೋರು ಬರ್ತಾರೆ, ಬರ್ಲಿ.

ಇನ್ನು ನಂಗೆ ಬೇಕಾಗಿರೋ ಇನ್ನೊವೇಷನ್ ಅಂದ್ರೆ ಸರ್ವಿಸ್ಸು. ಬ್ರ್ಯಾಂಡ್ ಹೆಸ್ರು ಬೇಡ, ನಮ್ಮ ಮಾವನ ವಾಚು ಬೆಂಗಳೂರಲ್ಲಿ ಕೊಟ್ವಿ, ಪಾರ್ಟ್ ಹೊರಗಡೆಯಿಂದ ಬರ್ಬೇಕು ಅಂತ ಏಳು ತಿಂಗಳು ಕೂರ್ಸಿದ್ರು, ವಾಪಸ್ ಬಂದಾಗ ಕೇಸನ್ನ ಯಾರೂ ಕೇಳದೇ ಪಾಲಿಶ್ ಮಾಡಿ ಅಂಚೆಲ್ಲ ಸೋಪಿನ ಥರ ಸವೆಸಿಟ್ಟಿದ್ರು. ಮಾವ ಮೂರು ದಿನ ಮಾತಾಡ್ಲಿಲ್ಲ.

ಇಎಂಐ ರಾಜ

ಎಲ್ಲ ಸರಿ, ರೇಟ್ ಯಾರು ಕೇಳ್ತೀರಾ? ಲ್ಯಾಂಡ್-ಡ್ವೆಲ್ಲರ್ 40 ಎಂಎಂ ಸ್ಟೀಲು ಅಮೆರಿಕದಲ್ಲಿ ಶುರುವಿನ ಬೆಲೆ 14,900 ಡಾಲರ್. ನಮ್ಮಲ್ಲಿ ಹತ್ತು ಲಕ್ಷ ದಾಟಿದ ವಾಚಿಗೆ 2025ರ ಏಪ್ರಿಲ್‌ನಿಂದ ಒಂದು ಪರ್ಸೆಂಟ್ ಟಿಸಿಎಸ್ (ಮಾರೋವಾಗ ಅಂಗಡಿಯವ್ರೇ ಹಿಡಿಯೋ ತೆರಿಗೆ) ಬೇರೆ. ಒಳ್ಳೆ ಸುದ್ದಿ ಅಂದ್ರೆ ಇಎಫ್‌ಟಿಎ (ಸ್ವಿಟ್ಜರ್ಲೆಂಡ್ ಇರೋ ಯುರೋಪಿನ ದೇಶಗಳ ಗುಂಪು) ಜೊತೆ ಭಾರತದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ, ಸ್ವಿಸ್ ವಾಚಿನ ಸುಂಕ ಏಳು ವರ್ಷದಲ್ಲಿ ಹಂತ ಹಂತವಾಗಿ ಇಳಿಯತ್ತೆ. ಅಷ್ಟರಲ್ಲಿ ಬೆಲೆ ಅವ್ರು ಏರ್ಸಿರ್ತಾರೆ, ಅದು ಬೇರೆ ಮಾತು. ನನ್ನ ನಿರೀಕ್ಷೆ ಒಂದೇ, ಶೋರೂಮಲ್ಲಿ ಎಕ್ಸಿಬಿಷನ್ ಪೀಸ್ (ನೋಡಕ್ಕಷ್ಟೇ, ಮಾರಕ್ಕಲ್ಲ) ಅಂತ ಬೋರ್ಡ್ ಇಲ್ಲದ ಒಂದು ವಾಚು.

ಟಿಕ್‌ಟಿಕ್ ಮಲ್ಲೇಶ್ವರಂ

ಐಗ್ಲಾಸ್ ಸರ್, ನಿಮ್ಮ ಮಾತು ಓದಿದ್ಮೇಲೆ ನನ್ನ ಲೆಕ್ಕ ಸ್ವಲ್ಪ ಅಲ್ಲಾಡ್ತಿದೆ. ಆಯ್ಸ್ಟರ್ ಕೇಸ್‌ನೇ ನೋಡಿ, 1926ರಲ್ಲಿ ಬೆಝೆಲು, ಹಿಂದಿನ ಮುಚ್ಚಳ, ಕೀ ಮೂರನ್ನೂ ಸ್ಕ್ರೂ ಥರ ತಿರುಗಿಸಿ ಬಿಗಿ ಮಾಡೋದು, ಉಪಾಯ ಅಷ್ಟೇ. ಮರುವರ್ಷ ಈಜುಗಾರ್ತಿ ಮರ್ಸಿಡಿಸ್ ಗ್ಲೈಟ್ಜ್ ಅದನ್ನ ಕೊರಳಿಗೆ ಹಾಕ್ಕೊಂಡು ಇಂಗ್ಲಿಷ್ ಚಾನೆಲ್‌ಗೆ ಇಳಿದ್ರು, ಹತ್ತು ಗಂಟೆ ನೀರಲ್ಲಿದ್ರೂ ವಾಚು ನಿಲ್ಲಲಿಲ್ಲ. ಬಿಚ್ಚಿ ಮತ್ತೆ ಹಾಕ್ಬೋದಾದ ಉಪಾಯ ಅದು. ಹಂಗಾಗಿ ನೂರನೇ ವರ್ಷಕ್ಕೆ ನಂಗೀಗ ಬೇಕಾಗಿರೋದು ಒಂದು ಸಾದಾ ಸ್ಟೀಲು, 36 ಎಂಎಂ, ಡೇಟ್ ಇಲ್ದೆ, ಬರೆಹ ಕಮ್ಮಿ ಇರೋದು. ಕೊಡಲ್ಲ ಬಿಡಿ, ಗೊತ್ತು.

ಝೂರಿಕ್ ಮೇಡಂ, ನಿಮ್ಮ ಮಾವನ ಕಥೆ ಕೇಳಿ ಹೊಟ್ಟೆ ಉರೀತು.

ಸರ್ ಇನ್ನೊಂದು, ನಮ್ಮಪ್ಪನ ಎಚ್‌ಎಂಟಿ ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳ್ತಿದೆ. ಭಾನುವಾರ ತರ್ಲಾ?

ಐಗ್ಲಾಸ್

ತಗೊಂಡ್ ಬನ್ನಿ. ಬರೋಕೆ ಮುಂಚೆ ಪೂರ್ತಿ ಕೀ ಕೊಟ್ಟು ಒಂದಿನ ಡಯಲ್ ಮೇಲ್ಮುಖ ಮಾಡಿ ಮಲಗ್ಸಿ, ಇನ್ನೊಂದಿನ ನಿಲ್ಸಿ ಇಡಿ, ಎರಡ್ರಲ್ಲೂ ಎಷ್ಟೆಷ್ಟು ಹಿಂದೆ ಬಿತ್ತು ಅಂತ ಚೀಟೀಲಿ ಬರ್ಕೊಂಡ್ ಬನ್ನಿ. ದಯವಿಟ್ಟು ಮನೇಲಿ ಚಾಕು ಹಾಕಿ ಮುಚ್ಚಳ ಎಬ್ಬಕ್ಕೆ ಹೋಗ್ಬೇಡಿ.

ಟಿಕ್‌ಟಿಕ್ ಮಲ್ಲೇಶ್ವರಂ

ಆಲ್ರೆಡಿ ಎಬ್ಬಿ ಆಯ್ತು ಸರ್ 🙈