ಫ್ಯೂಸ್ ಕಿತ್ತ ಮೇಲೂ ಶಾಕ್ ಹೊಡೆದದ್ದು ಹೇಗೆ?

ಪ್ರಶ್ನೆ:
ಭಾಗಮಂಡಲದ ಬಳಿಯ ನಮ್ಮ ಹಳೆಯ ಮನೆಯ ವೈರಿಂಗ್ ಬದಲಿಸಬೇಕಾಗಿದೆ. ಅದಕ್ಕೆ ಮೊದಲು ಬಾಲ್ಯದ ಒಂದು ಅವಘಡದ ಕಾರಣವನ್ನು ತಿಳಿಯಬೇಕೆಂದಿದ್ದೇನೆ. 1986ರ ಕಕ್ಕಡದ ಮಳೆಯಲ್ಲಿ ಬಚ್ಚಲುಮನೆಯ ದೀಪ ಮಿಣುಕತೊಡಗಿದಾಗ, ತಂದೆಯವರು ಜಗಲಿಯ ಬೋರ್ಡಿನಲ್ಲಿದ್ದ ಎರಡು ಪಿಂಗಾಣಿ ಫ್ಯೂಸುಗಳಲ್ಲಿ ಒಂದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು, ದೀಪ ಆರಿದ್ದನ್ನು ನೋಡಿ, ಇನ್ನು ಭಯವಿಲ್ಲ ಎಂದರು. ಹತ್ತು ವರ್ಷದ ನಾನು ಮರದ ಸ್ಟೂಲು ಹತ್ತಿ, ಎಡಗೈಯನ್ನು ನೀರು ಒಸರುತ್ತಿದ್ದ ಗೋಡೆಗೆ ಊರಿ, ಬಲ್ಬು ಬಿಚ್ಚಿ ಹೋಲ್ಡರಿನೊಳಗೆ ಬೆರಳಿಟ್ಟೆ. ಕೂಗಲೂ ಆಗದೆ ಅಂಟಿಕೊಂಡಿದ್ದ ನನ್ನ ತೋಳಿಗೆ, ಅಜ್ಜಿ ಒಲೆಯ ಮೇಲಿನ ಅಟ್ಟದಿಂದ ಒಣ ಸೌದೆ ಎಳೆದು ಬಲವಾಗಿ ಹೊಡೆದದ್ದರಿಂದ ಬದುಕಿದೆ. ಫ್ಯೂಸ್ ಕಿತ್ತಿದ್ದೆನೆಂಬ ತಂದೆಯವರ ಮಾತನ್ನು ಅವರು ತೀರಿಕೊಳ್ಳುವವರೆಗೂ ನೆಂಟರು ಯಾರೂ ನಂಬಲಿಲ್ಲ. ನಾನಾದರೋ ಆ ಫ್ಯೂಸನ್ನು ಅವರ ಕೈಯಲ್ಲಿ ಕಣ್ಣಾರೆ ಕಂಡಿದ್ದೆ.

ಉತ್ತರ 1:
ನಿಮ್ಮ ತಂದೆಯವರು ಹೇಳಿದ್ದು ನಿಜವೇ ಇರಬೇಕು. ಹಳೆಯ ಮನೆಗಳಲ್ಲಿ ಕರೆಂಟು ತರುವ ಫೇಸ್ ತಂತಿಗೊಂದು, ಅದು ಮರಳುವ ನ್ಯೂಟ್ರಲ್ ತಂತಿಗೊಂದು ಫ್ಯೂಸ್ ಹಾಕುವ ರೂಢಿಯಿತ್ತು. ಎರಡರಲ್ಲಿ ಯಾವುದನ್ನು ಕಿತ್ತರೂ ದೀಪ ಆರುತ್ತದೆ. ಆದರೆ ಕಿತ್ತದ್ದು ನ್ಯೂಟ್ರಲ್ ಫ್ಯೂಸಾದರೆ, ಸ್ವಿಚ್ ಹಾಕಿದ್ದಷ್ಟು ಹೊತ್ತು ಹೋಲ್ಡರಿನ ಒಂದು ಪಿನ್ನಿನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಸ್ಟೂಲು ಒಣಗಿದ್ದರೂ ನಿಮ್ಮ ಎಡಗೈ ಒದ್ದೆ ಗೋಡೆಯ ಮೇಲಿದ್ದುದರಿಂದ ಕರೆಂಟು ಎದೆಯ ಮೂಲಕವೇ ಹಾದಿರಬೇಕು. ಉಳಿದ ಫ್ಯೂಸ್ ಏಕೆ ಸುಡಲಿಲ್ಲ ಎಂದು ಕೇಳುವವರೂ ಇದ್ದಾರು. ಮೈಯ ರೋಧವನ್ನು 1000 ಓಮ್ ಎಂದು ಹಿಡಿದರೂ ಹರಿಯುವುದು ಕಾಲು ಆಂಪಿಯರಿಗಿಂತ ಕಡಿಮೆ. 5 ಆಂಪಿಯರಿನ ಫ್ಯೂಸ್ ತಂತಿಗೆ ಅದು ಲೆಕ್ಕಕ್ಕಿಲ್ಲ, ಮನುಷ್ಯನ ಜೀವ ತೆಗೆಯಲು ಧಾರಾಳ ಸಾಕು.

ಉತ್ತರ 2:
ಸೋಮವಾರಪೇಟೆಯ ಕಡೆ ವೈರಿಂಗ್ ಕೆಲಸ ಮಾಡುವವನು ನಾನು. ಫ್ಯೂಸ್ ತೆಗೆದು ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿದರೆ ಸಾಕೆಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ, ಏಕೆಂದರೆ ಅಷ್ಟು ಸಣ್ಣ ಸೋರಿಕೆ ಅದಕ್ಕೂ ತಿಳಿಯುವುದಿಲ್ಲ. 30 ಮಿಲಿಆಂಪಿಯರಿನಷ್ಟು ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ ಬೇಕು, ಅದರ ಜೊತೆಗೆ ಸರಿಯಾದ ಅರ್ಥಿಂಗ್ ಕೂಡ ಬೇಕು. ನಮ್ಮ ಮಳೆಗಾಲದಲ್ಲಿ ಆರ್‌ಸಿಸಿಬಿ ಪದೇ ಪದೇ ಬಿದ್ದು ಕರೆಂಟು ಹೋಗುತ್ತದೆಂದು ಕೆಲವರು ಬೈಪಾಸ್ ಮಾಡಿಸುತ್ತಾರೆ. ಅದು ನನಗೆ ತುಂಬ ನೋವಿನ ಸಂಗತಿ. ಅಂಗಳ, ಬಚ್ಚಲು, ಒಳಮನೆಗಳ ಲೈನುಗಳಿಗೆ ಬೇರೆ ಬೇರೆ ಆರ್‌ಸಿಸಿಬಿ ಕೊಟ್ಟರೆ, ಎಲ್ಲೋ ಒಂದು ಕಡೆ ತೇವ ಹೊಕ್ಕಿತೆಂದು ಇಡೀ ಮನೆ ಕತ್ತಲಾಗುವುದಿಲ್ಲ. ಮರದ ಪಟ್ಟಿಯ ಮೇಲಿನ ಹಳೆಯ ರಬ್ಬರ್ ವೈರನ್ನು ಒಂದು ಮೊಳವೂ ಉಳಿಸಬೇಡಿ, ಬಗ್ಗಿಸಿದರೆ ಅದರ ಹೊದಿಕೆ ಪುಡಿಯಾಗಿ ಉದುರುತ್ತದೆ.

ಪ್ರಶ್ನೆ ಕೇಳಿದವರು:
ಈಗಷ್ಟೇ ಮೇನ್ ಸ್ವಿಚ್ ಆಫ್ ಮಾಡಿ ಜಗಲಿಯ ಬೋರ್ಡನ್ನು ನೋಡಿದೆ. ತಂದೆಯವರು ಅಂದು ಕಿತ್ತದ್ದು ಬಾಗಿಲ ಕಡೆಯ ಫ್ಯೂಸ್. ಅದರಿಂದ ಹೊರಡುವ ವೈರು ಕಪ್ಪು, ಅಂದರೆ ನ್ಯೂಟ್ರಲಿನ ಬಣ್ಣ. ಇದನ್ನು ಇಂದು ಸಂಜೆಯೇ ಅಮ್ಮನಿಗೆ ಹೇಳುತ್ತೇನೆ.