ಕಾಸರಗೋಡಿನಲ್ಲಿ ಟೆಂಟ್ ಹಾಕಿ ಮಲಗಲು ಒಳ್ಳೆ ಜಾಗ ಹೇಳಿ: ಒಂದು ರಾತ್ರಿ ಕಡಲು, ಒಂದು ರಾತ್ರಿ ಗುಡ್ಡೆ

ಬದಿಯಡ್ಕದ ಹುಡುಗ

ಡಿಸೆಂಬರ್ ಕೊನೆಗೆ ಬೆಂಗಳೂರಿನಿಂದ ಚಿಕ್ಕಪ್ಪನ ಮಕ್ಕಳು ಬರುತ್ತಿದ್ದಾರೆ. ಒಟ್ಟು ಆರು ಜನ, ಅದರಲ್ಲಿ ಇಬ್ಬರು ಹೈಸ್ಕೂಲು ಮಕ್ಕಳು. ರೆಸಾರ್ಟ್ ಬೇಡವೇ ಬೇಡ, ಟೆಂಟಿನಲ್ಲೇ ಮಲಗಬೇಕು ಅಂತ ಹಠ. ಕಡಲೂ ಗುಡ್ಡೆಯೂ ನಮ್ಮ ಜಿಲ್ಲೆಯಲ್ಲೇ ಇರುವಾಗ ಗೋಕರ್ಣಕ್ಕೋ ಕೊಡಗಿಗೋ ಯಾಕೆ ಓಡಬೇಕು, ಅಲ್ವಾ? ನನ್ನ ತಲೆಯಲ್ಲಿರುವುದು ರಾಣಿಪುರಂ, ಪೊಸಡಿಗುಂಪೆ, ಮತ್ತೆ ಬೇಕಲದ ಹತ್ತಿರ ಎಲ್ಲಾದರೂ. ಗುಡ್ಡೆಯ ತುದಿಯಲ್ಲಿ ರಾತ್ರಿ ಇರಲು ಬಿಡುತ್ತಾರಾ? ಆನೆ ಕಾಟ ಹೇಗೆ? ಹೋಗಿ ಬಂದವರು ಹೇಳಿ.

ಮುಳ್ಳೇರಿಯದವ

ಮೊದಲು ರಾಣಿಪುರಂ ವಿಷಯ. ತುದಿಯಲ್ಲಿ ಟೆಂಟ್ ಹಾಕುವ ಆಸೆ ಬಿಟ್ಟುಬಿಡಿ. ಅದು ಅರಣ್ಯ ಇಲಾಖೆಯ ಜಾಗ. ಕೆಳಗೆ ಟಿಕೆಟ್ ತೆಗೆದುಕೊಂಡು ಹತ್ತಬೇಕು, ಸಂಜೆಯೊಳಗೆ ಇಳಿಯಬೇಕು. ಆನೆ ದಾರಿಗೆ ಬಂದರೆ ಆ ದಿನ ಹತ್ತಲು ಬಿಡುವುದೂ ಇಲ್ಲ. ಇದನ್ನು ಅಡ್ಡಿ ಅಂತ ನೋಡಬೇಡಿ. ಆ ಕಾಡು ತಲಕಾವೇರಿ ಕಡೆಯ ಕಾಡಿಗೆ ಸೇರಿಕೊಂಡೇ ಇದೆ, ಮೇಲಿನ ಹುಲ್ಲುಗಾವಲು ಆನೆಗಳು ಮೇಯುವ ಜಾಗ, ರಾತ್ರಿ ಅಲ್ಲಿ ನಮಗೆ ಏನು ಕೆಲಸ?

ನಾನು ಹೇಳುವುದು ಇಷ್ಟು. ಕಾಞಂಗಾಡಿನಿಂದ ಪಾಣತ್ತೂರು ರಸ್ತೆ ಹಿಡಿದು ಹೋಗಿ, ರಾಣಿಪುರಂವರೆಗೆ ಸುಮಾರು 48 ಕಿಲೋಮೀಟರ್. ದಾರಿ ಕೇಳುವಾಗ ಹಳಬರಿಗೆ ಮಾಡತ್ತುಮಲೆ ಅಂದರೆ ಬೇಗ ಗೊತ್ತಾಗುತ್ತದೆ. ಬುಡದಲ್ಲಿ ಉಳಿಯಲು ವ್ಯವಸ್ಥೆ ಉಂಟು, ಅಂಗಳದಲ್ಲಿ ಟೆಂಟ್ ಹಾಕಬಹುದಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಬುಡವೇ ಸುಮಾರು 750 ಮೀಟರ್ ಎತ್ತರದಲ್ಲಿದೆ, ಹಾಗಾಗಿ ರಾತ್ರಿ ಒಳ್ಳೆ ಚಳಿ, ಬೆಳಿಗ್ಗೆ ಟೆಂಟಿನ ಮೇಲೆಲ್ಲ ಇಬ್ಬನಿ. ಗೇಟು ತೆಗೆದ ಕೂಡಲೇ ಹತ್ತಲು ಶುರು ಮಾಡಿದರೆ ಮೊದಲು ಶೋಲಾ ಕಾಡು (ಹುಲ್ಲುಗಾವಲಿನ ನಡುವಿನ ದಟ್ಟ ಹಸಿರು ಕಾಡು), ಆಮೇಲೆ ಒಮ್ಮೆಲೇ ಬೋಳು ಗುಡ್ಡೆ. ಮಳೆಗಾಲದಲ್ಲಿ ಆ ಕಾಡಿನ ದಾರಿಯಲ್ಲಿ ಜಿಗಣೆ ವಿಪರೀತ, ಡಿಸೆಂಬರ್‌ನಲ್ಲಿ ತೊಂದರೆ ಇಲ್ಲ.

ಇನ್ನೊಂದು, ಹತ್ತಿರ ಆಗುತ್ತದೆ ಅಂತ ನಮ್ಮ ಕಾರಡ್ಕ, ಮುಳಿಯಾರು, ದೇಲಂಪಾಡಿ ಕಡೆಯ ಕಾಡಿನ ಬದಿಯಲ್ಲಿ ಎಲ್ಲಿಯೂ ಟೆಂಟ್ ಹಾಕಬೇಡಿ. ತೋಟಕ್ಕೆ ನುಗ್ಗಿದ ಆನೆಗಳನ್ನು ಓಡಿಸಿ ಓಡಿಸಿ ಇಲ್ಲಿನವರಿಗೆ ಸಾಕಾಗಿದೆ, ರಾತ್ರಿ ನಾವೇ ಟಾರ್ಚ್ ಇಲ್ಲದೆ ಅಂಗಳಕ್ಕೆ ಇಳಿಯುವುದಿಲ್ಲ.

ಗುಂಪೆ ಬುಡದಿಂದ

ಪೊಸಡಿಗುಂಪೆ ಬಗ್ಗೆ ಕೇಳಿದಿರಲ್ಲ, ನಿಮಗೆ ಬದಿಯಡ್ಕದಿಂದ ಅದೇ ಹತ್ತಿರ. ಧರ್ಮತ್ತಡ್ಕಕ್ಕೆ ಬಂದರೆ ಗುಡ್ಡೆ ಎದುರಿಗೇ ಕಾಣುತ್ತದೆ. ಆಕಾಶ ತಿಳಿಯಾಗಿದ್ದರೆ ತುದಿಯಿಂದ ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟದ ಸಾಲು, ಎರಡೂ ಒಂದೇ ಜಾಗದಲ್ಲಿ ನಿಂತು ನೋಡಬಹುದು. ಡಿಸೆಂಬರ್ ಕೊನೆಗೆ ಸೂರ್ಯ ಮುಳುಗುವುದು ಆರು ಗಂಟೆ ಹತ್ತು ನಿಮಿಷದ ಹೊತ್ತಿಗೆ, ಐದಕ್ಕೇ ಮೇಲಿರಿ.

ಆದರೆ ಅಡುಗೆ ಮೇಲೆ ಮಾಡಬೇಡಿ, ದಯವಿಟ್ಟು. ಆ ಹೊತ್ತಿಗೆ ಮುಳಿಹುಲ್ಲು ಪೂರ್ತಿ ಒಣಗಿರುತ್ತದೆ. ಒಂದು ಕಿಡಿ ಸಾಕು, ಗಾಳಿಗೆ ಇಡೀ ಗುಡ್ಡೆ ಉರಿದುಹೋಗುತ್ತದೆ, ಕೆಳಗೆ ಮನೆಗಳಿವೆ, ದನ ಮೇಯುವುದೂ ಅಲ್ಲೇ. ಕ್ಯಾಂಪ್ ಫೈರ್ ಇಲ್ಲದಿದ್ದರೆ ಕ್ಯಾಂಪಿಂಗೇ ಅಲ್ಲ ಅನ್ನುವವರಿಗೆ ಈ ಗುಡ್ಡೆ ಬೇಡವೇ ಬೇಡ. ಸಂಜೆ ನೋಡಿ, ಕೆಳಗೆ ಇಳಿದು, ಪರಿಚಯದವರ ಅಂಗಳದಲ್ಲೋ ಗದ್ದೆಯಲ್ಲೋ ಕೇಳಿಕೊಂಡು ಮಲಗಿ, ಬೆಳಕು ಹರಿಯುವ ಮೊದಲೇ ಮತ್ತೆ ಹತ್ತಿ. ಮುರಕಲ್ಲಿನ (ಜಂಬಿಟ್ಟಿಗೆಯ) ಬಂಡೆ ನೆಲದಲ್ಲಿ ಟೆಂಟಿನ ಗೂಟ ಇಳಿಯುವುದಿಲ್ಲ, ಹಗ್ಗ ಜಾಸ್ತಿ ತನ್ನಿ, ದೊಡ್ಡ ಕಲ್ಲಿಗೆ ಕಟ್ಟಬಹುದು. ಕಲ್ಲು ಎತ್ತುವ ಮೊದಲು ಕೋಲಿನಿಂದ ತಟ್ಟಿ, ಅಡಿಯಲ್ಲಿ ಚೇಳೋ ಹಾವೋ ಇರಬಹುದು. ಶೂಗಳನ್ನು ಟೆಂಟಿನ ಒಳಗೇ ಇಡಿ.

ಕಡಲಕರೆ

ಬೇಕಲದ ಕೋಟೆ ನೋಡಿ ಬನ್ನಿ, ಮಲಗುವುದು ಅಲ್ಲಿ ಬೇಡ. 2022ರಲ್ಲಿ ಬೀಚ್ ಫೆಸ್ಟಿವಲ್ ಶುರುವಾದ ಮೇಲೆ ಡಿಸೆಂಬರ್ ಕೊನೆ ಅಂದರೆ ಅಲ್ಲಿ ಕಾಲಿಡಲು ಜಾಗ ಇಲ್ಲದಷ್ಟು ಜನ ಆಗುವುದುಂಟು.

ನನ್ನ ಆಯ್ಕೆ ವಲಿಯಪರಂಬ. ನೀಲೇಶ್ವರದಿಂದ ತೆಂಕಿಗೆ, ಸುಮಾರು 24 ಕಿಲೋಮೀಟರ್ ಉದ್ದದ ಸಪೂರ ನೆಲ. ಒಂದು ಬದಿ ಅರಬ್ಬೀ ಕಡಲು, ಇನ್ನೊಂದು ಬದಿ ಕವ್ವಾಯಿ ಹಿನ್ನೀರು. ಸಂಜೆ ಕಡಲಲ್ಲಿ ಸೂರ್ಯ ಮುಳುಗುವುದನ್ನು ನೋಡಿ, ಬೆಳಿಗ್ಗೆ ಈಚೆ ಬದಿಗೆ ನಡೆದರೆ ಹಿನ್ನೀರಿನ ಮೇಲೆ ಹುಟ್ಟುವುದನ್ನು ನೋಡಬಹುದು. ಮಕ್ಕಳಿಗೆ ಇದಕ್ಕಿಂತ ಚಂದ ಏನು ಬೇಕು? ತೋಟ ಯಾರದ್ದು ಅಂತ ವಿಚಾರಿಸಿ, ಮನೆಯವರ ಒಪ್ಪಿಗೆ ಪಡೆದು ಟೆಂಟ್ ಹಾಕಿ. ಸ್ವಲ್ಪ ಮಲಯಾಳ ಬಂದರೆ ಒಳ್ಳೆಯದು.

ಜಾಗ ಆರಿಸುವಾಗ ತೆಂಗಿನ ಮರದ ಅಡಿ ಬೇಡ, ಒಂದು ಒಣ ಮಡಲು ಬಿದ್ದರೂ ಟೆಂಟ್ ಹರಿಯುತ್ತದೆ, ಕಾಯಿ ಬಿದ್ದರೆ ಹೇಳುವುದೇ ಬೇಡ. ಹೊಯಿಗೆಯಲ್ಲಿ (ಮರಳಿನಲ್ಲಿ) ಕಸ ಸಾಲಾಗಿ ನಿಂತಿರುವ ಗೆರೆ ಕಾಣುತ್ತದಲ್ಲ, ಉಬ್ಬರದ ನೀರು ಅಲ್ಲಿವರೆಗೆ ಬಂದಿದೆ ಅಂತ ಲೆಕ್ಕ. ಅದಕ್ಕಿಂತ ಸಾಕಷ್ಟು ಮೇಲೆ ಇರಿ. ಅಮಾವಾಸ್ಯೆ ಹುಣ್ಣಿಮೆ ಸಮಯದಲ್ಲಿ ಇನ್ನೂ ಮೇಲೆ. ಶಿರಿಯ, ಮೊಗ್ರಾಲ್ ಕಡೆ ಹೋಗುವುದಾದರೆ ಹೊಳೆ ಕಡಲಿಗೆ ಸೇರುವ ಅಳಿವೆ ಬಾಯಿಯ ಹೊಯಿಗೆ ದಿಬ್ಬದ ಮೇಲೆ ಮಾತ್ರ ಮಲಗಬೇಡಿ, ಅದು ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ಹೊಯಿಗೆಯಲ್ಲಿ ಗೂಟ ನಿಲ್ಲುವುದಿಲ್ಲ, ಗೋಣಿಚೀಲಕ್ಕೆ ಹೊಯಿಗೆ ತುಂಬಿ, ಹಗ್ಗ ಕಟ್ಟಿ ಹೂತುಬಿಡಿ.

ಲೈಟಿನ ವಿಷಯ ಇನ್ನೂ ಮುಖ್ಯ. ಆ ತಿಂಗಳುಗಳಲ್ಲಿ ನಮ್ಮ ಕರೆಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಜೋರು ಬೆಳಕು ಕಂಡರೆ ತಾಯಿ ಆಮೆ ವಾಪಸ್ ಹೋಗುತ್ತದೆ, ಮರಿಗಳಾದರೆ ದಾರಿ ತಪ್ಪಿ ಬೆಳಕಿನ ಕಡೆಗೇ ತೆವಳುತ್ತವೆ. ಕಡಲ ಕಡೆಗೆ ದೊಡ್ಡ ಟಾರ್ಚ್, ಬೆಂಕಿ, ಸ್ಪೀಕರ್ ಯಾವುದೂ ಬೇಡ. ಮೊಟ್ಟೆ ಕಂಡರೆ ಮುಟ್ಟದೆ ಊರಿನವರಿಗೆ ಹೇಳಿ, ಕಾಪಾಡುವವರು ಇದ್ದಾರೆ.

ಬದಿಯಡ್ಕದ ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಗಾದರೆ ಮೊದಲ ರಾತ್ರಿ ವಲಿಯಪರಂಬ, ಮರುದಿನ ಕಾಞಂಗಾಡು ಮೂಲಕ ರಾಣಿಪುರಂ ಬುಡ. ಗುಂಪೆಗೆ ಇನ್ನೊಂದು ಸಂಜೆ ಮನೆಯಿಂದಲೇ ಹೋಗುತ್ತೇವೆ. ನೀರು, ಊಟಕ್ಕೆ ಏನು ಮಾಡಲಿ?

ಮುಳ್ಳೇರಿಯದವ

ಬೇಕಾದ್ದೆಲ್ಲ ರಾಜಪುರದಲ್ಲೇ ತೆಗೆದುಕೊಳ್ಳಿ, ಮೇಲೆ ಹೋದಂತೆ ಅಂಗಡಿ ಕಡಿಮೆ. ಹತ್ತುವಾಗ ತಲೆಗೆ ಎರಡು ಲೀಟರ್ ನೀರು, ಸ್ಟೀಲ್ ಬಾಟಲಿಯಲ್ಲಿ. ಹೊರಡುವ ದಿನ ಬೆಳಿಗ್ಗೆ ಒಮ್ಮೆ ಫಾರೆಸ್ಟ್ ಆಫೀಸಿಗೆ ಫೋನ್ ಮಾಡಿ, ಗೇಟು ತೆಗೆದಿದೆಯಾ ಅಂತ ಕೇಳಿಕೊಂಡೇ ಗಾಡಿ ಹತ್ತಿ.